ವಸಡಿನ ರೋಗಕ್ಕೆ ಬೆಳಕಿನ ಚಿಕಿತ್ಸೆಯೋ, ಆ್ಯಂಟಿಬಯಾಟಿಕ್ಕೋ: ಹೋಲಿಸಿ ನಿರ್ಧರಿಸುವ ಬಗೆ

ವಸಡಿನ ಉರಿಯೂತವು ಕೆಳಗಿಳಿದು, ಹಲ್ಲನ್ನು ಹಿಡಿದಿಟ್ಟಿರುವ ಮೂಳೆಯನ್ನೇ ಕರಗಿಸತೊಡಗಿದರೆ ಅದನ್ನು ಪೆರಿಯೊಡಾಂಟೈಟಿಸ್ ಎನ್ನುತ್ತಾರೆ. ಇದರ ಮೂಲ ಚಿಕಿತ್ಸೆ ಸ್ಕೇಲಿಂಗ್ ಮತ್ತು ರೂಟ್ ಪ್ಲೇನಿಂಗ್, ಅಂದರೆ ವಸಡಿನ ಕೆಳಗೆ ಬೇರಿಗೆ ಅಂಟಿಕೊಂಡಿರುವ ಪ್ಲಾಕನ್ನೂ ಗಟ್ಟಿಯಾದ ಟಾರ್ಟರನ್ನೂ ಉಪಕರಣಗಳಿಂದ ತೆಗೆದುಹಾಕುವುದು. ಬೆಳಕಿನ ಚಿಕಿತ್ಸೆಯಾಗಲಿ ಆ್ಯಂಟಿಬಯಾಟಿಕ್ ಆಗಲಿ ಈ ಶುಚಿಗೊಳಿಸುವಿಕೆಗೆ ಜೊತೆಯಾಗಬಲ್ಲವೇ ಹೊರತು ಅದರ ಸ್ಥಾನವನ್ನು ತುಂಬಲಾರವು. ಆದ್ದರಿಂದ ದಂತವೈದ್ಯರು ಈ ಎರಡರಲ್ಲಿ ಒಂದನ್ನು ಸೂಚಿಸಿದಾಗ ಅವೆರಡನ್ನು ಪರಸ್ಪರ ಹೋಲಿಸುವುದಕ್ಕೂ ಮೊದಲು, ಬರೀ ಸ್ಕೇಲಿಂಗಿನಿಂದ ಸಿಗುವುದಕ್ಕಿಂತ ಹೆಚ್ಚಿನದೇನಾದರೂ ಇವುಗಳಿಂದ ಸಿಗುತ್ತದೆಯೇ ಎಂದು ನೋಡಬೇಕು.

ಅದಕ್ಕೆ ಬೇಕಾದ ಮೊದಲ ದಾಖಲೆ ನಿಮ್ಮ ಪಾಕೆಟ್ ಅಳತೆಗಳ ಪಟ್ಟಿ. ಸಾಮಾನ್ಯವಾಗಿ ಪ್ರತಿ ಹಲ್ಲಿನ ಸುತ್ತ 6 ಕಡೆ ಸಣ್ಣ ಅಳತೆಕಡ್ಡಿಯನ್ನು ಇಳಿಸಿ, ವಸಡು ಮತ್ತು ಹಲ್ಲಿನ ನಡುವಿನ ಸಂದಿನ, ಅಂದರೆ ಪಾಕೆಟಿನ, ಆಳವನ್ನು ಮಿಲಿಮೀಟರುಗಳಲ್ಲಿ ಬರೆದುಕೊಳ್ಳುತ್ತಾರೆ. 1ರಿಂದ 3 ಮಿ.ಮೀ. ಆರೋಗ್ಯದ ಲಕ್ಷಣ, 4–5 ಮಿ.ಮೀ. ಪಾಕೆಟುಗಳು ಬಹುಮಟ್ಟಿಗೆ ಒಳ್ಳೆಯ ಸ್ಕೇಲಿಂಗ್ ಮತ್ತು ಮನೆಯಲ್ಲಿನ ಶುಚಿತ್ವದಿಂದಲೇ ಹತೋಟಿಗೆ ಬರುತ್ತವೆ; 6 ಮಿ.ಮೀ. ಮತ್ತು ಅದಕ್ಕಿಂತ ಆಳವಾದವುಗಳ ವಿಷಯದಲ್ಲಿ ಮಾತ್ರ ಹೆಚ್ಚುವರಿ ಚಿಕಿತ್ಸೆಯ ಪ್ರಶ್ನೆ ಗಂಭೀರವಾಗಿ ಏಳುತ್ತದೆ. ಹಲ್ಲುಜ್ಜುವಾಗ ರಕ್ತ ಬರುತ್ತಿದ್ದು, ಮೂಳೆ ಸವೆದಿಲ್ಲವೆಂದಾದರೆ ಅದು ಜಿಂಜಿವೈಟಿಸ್. ಅದಕ್ಕೆ ಎರಡೂ ಬೇಕಿಲ್ಲ.

ಬೆಳಕಿನ ಚಿಕಿತ್ಸೆ ಎಂಬ ಹೆಸರಿನಡಿ ಹಲವು ಸಂಗತಿಗಳು ಸೇರಿಕೊಂಡಿರುವುದರಿಂದ, ಸೂಚಿಸಿರುವುದು ಯಾವುದನ್ನು ಎಂದು ಕೇಳಿ ತಿಳಿಯುವುದು ಅಗತ್ಯ. ಬ್ಯಾಕ್ಟೀರಿಯಾ ಕೊಲ್ಲಲು ಬಳಸುವುದು ಫೋಟೋಡೈನಾಮಿಕ್ ಚಿಕಿತ್ಸೆ. ಇದರಲ್ಲಿ ಮಿಥಿಲೀನ್ ಬ್ಲೂ, ಟೊಲುಯಿಡಿನ್ ಬ್ಲೂ ಅಥವಾ ಇಂಡೊಸಯನೀನ್ ಗ್ರೀನ್‌ನಂಥ ಬಣ್ಣದ ದ್ರಾವಣವನ್ನು ಪಾಕೆಟಿನೊಳಗೆ ಹಾಕಿ, ಸ್ವಲ್ಪ ಹೊತ್ತು ಬಿಟ್ಟು, ಹೆಚ್ಚಾದುದನ್ನು ತೊಳೆದು, ಆ ಬಣ್ಣ ಹೀರಬಲ್ಲ ತರಂಗಾಂತರದ ಬೆಳಕನ್ನು ಸಣ್ಣ ನಾಳದ ಮೂಲಕ ಒಳಗೆ ಹಾಯಿಸುತ್ತಾರೆ. ನೀಲಿ ಬಣ್ಣಗಳಿಗೆ ಸುಮಾರು 630–670 ನ್ಯಾನೋಮೀಟರಿನ ಕೆಂಪು ಬೆಳಕು, ಇಂಡೊಸಯನೀನಿಗೆ 800ರ ಆಸುಪಾಸಿನ ಅವಕೆಂಪು ಬೆಳಕು ಹೊಂದುತ್ತದೆ. ಬೆಳಕಿನ ಶಕ್ತಿಯನ್ನು ಬಣ್ಣವು ಸುತ್ತಲಿನ ಆಮ್ಲಜನಕಕ್ಕೆ ದಾಟಿಸಿದಾಗ ಸಿಂಗ್ಲೆಟ್ ಆಕ್ಸಿಜನ್ ಮುಂತಾದ ಅತಿ ಕ್ರಿಯಾಶೀಲ ರೂಪಗಳು ಹುಟ್ಟಿ, ಬ್ಯಾಕ್ಟೀರಿಯಾದ ಪೊರೆಯನ್ನೂ ಒಳಗಿನ ಅಣುಗಳನ್ನೂ ಏಕಕಾಲಕ್ಕೆ ಹಾನಿಗೊಳಿಸುತ್ತವೆ. ದಾಳಿ ಒಂದೇ ಗುರಿಗೆ ಸೀಮಿತವಲ್ಲವಾದ್ದರಿಂದ ಬ್ಯಾಕ್ಟೀರಿಯಾ ಇದಕ್ಕೆ ನಿರೋಧ ಬೆಳೆಸಿಕೊಳ್ಳುವ ಸಾಧ್ಯತೆ ಕಡಿಮೆ. ನೋವು ತಗ್ಗಿಸಲು, ಗಾಯ ಮಾಯಿಸಲು ಬಳಸುವ ಕಡಿಮೆ ಶಕ್ತಿಯ ಲೇಸರ್ ಬೇರೆ. ಅಂಗಾಂಶವನ್ನು ಕತ್ತರಿಸುವ ಲೇಸರ್ ಇನ್ನೂ ಬೇರೆ. ಒಂದರ ಫಲಿತಾಂಶವನ್ನು ಇನ್ನೊಂದರ ಹೆಸರಿನಲ್ಲಿ ಹೇಳಿದರೆ ಒಪ್ಪಿಕೊಳ್ಳಬೇಡಿ.

ಇದರ ಮಿತಿಯೂ ಅದರ ಕಾರ್ಯವಿಧಾನದಲ್ಲೇ ಇದೆ. ಬಣ್ಣ, ಬೆಳಕು ಮತ್ತು ಆಮ್ಲಜನಕ ಮೂರೂ ಒಂದೆಡೆ ಸೇರಿದಲ್ಲಿ ಮಾತ್ರ ಪರಿಣಾಮವಾಗುತ್ತದೆ. ಆಳದ ಪಾಕೆಟಿನಲ್ಲಿ ಆಮ್ಲಜನಕವೇ ಕಡಿಮೆ, ಸ್ಕೇಲಿಂಗ್ ಆದ ಕೂಡಲೇ ಒಸರುವ ರಕ್ತ ಬಣ್ಣವನ್ನು ತೆಳುವಾಗಿಸಿ ಬೆಳಕನ್ನೂ ಹೀರಿಕೊಳ್ಳುತ್ತದೆ, ವಸಡಿನ ಅಂಗಾಂಶದೊಳಗೆ ಹೊಕ್ಕಿರುವ ಬ್ಯಾಕ್ಟೀರಿಯಾವನ್ನು ತಲುಪುವುದು ಕಷ್ಟ.

ಆ್ಯಂಟಿಬಯಾಟಿಕ್ ಮಾತ್ರೆಗಳಿಗೆ ಈ ತೊಡಕಿಲ್ಲ. ಅವು ರಕ್ತದ ಮೂಲಕ ಅಂಗಾಂಶಕ್ಕೂ, ಪಾಕೆಟಿನಲ್ಲಿ ಒಸರುವ ದ್ರವಕ್ಕೂ ತಲುಪುತ್ತವೆ. ಹೆಚ್ಚು ಅಧ್ಯಯನಕ್ಕೆ ಒಳಗಾಗಿರುವುದು ಅಮಾಕ್ಸಿಸಿಲಿನ್ ಮತ್ತು ಮೆಟ್ರೊನಿಡಜೋಲ್ ಜೋಡಿ. ದಿನಕ್ಕೆ 3 ಬಾರಿಯಂತೆ ಒಂದು ವಾರ ಅಥವಾ ತುಸು ಹೆಚ್ಚು ಕಾಲ ಕೊಡುವುದು ರೂಢಿ. ಆದರೆ ಪ್ಲಾಕ್ ಎಂಬುದು ಬ್ಯಾಕ್ಟೀರಿಯಾ ತಮ್ಮದೇ ಲೋಳೆಯೊಳಗೆ ಕಟ್ಟಿಕೊಂಡ ಪದರವಾಗಿರುವುದರಿಂದ, ಅದನ್ನು ಕೆರೆದು ಒಡೆಯದೆ ಬರೀ ಮಾತ್ರೆ ನುಂಗುವುದರಿಂದ ಪ್ರಯೋಜನ ಅತ್ಯಲ್ಪ. ಸ್ಕೇಲಿಂಗ್ ಇಲ್ಲದೆ ಕೋರ್ಸ್ ಬರೆದುಕೊಟ್ಟರೆ ಕಾರಣ ಕೇಳುವ ಹಕ್ಕು ನಿಮಗಿದೆ. ಜ್ವರ, ಮುಖದ ಊತದೊಂದಿಗೆ ಬರುವ ಕೀವುಗಟ್ಟಿದ ಸೋಂಕಿನಂಥ ತುರ್ತು ಸ್ಥಿತಿಗಳ ಲೆಕ್ಕ ಮಾತ್ರ ಬೇರೆ.

ಮಾತ್ರೆಯ ಬೆಲೆಯನ್ನು ತೆರುವುದು ಇಡೀ ದೇಹ. ಭೇದಿ, ವಾಕರಿಕೆ, ಬಾಯಲ್ಲಿ ಲೋಹದ ರುಚಿ ಸಾಮಾನ್ಯ. ಪೆನಿಸಿಲಿನ್ ಅಲರ್ಜಿಯಿದ್ದವರಿಗೆ ಅಮಾಕ್ಸಿಸಿಲಿನ್ ಅಪಾಯಕಾರಿ. ಮೆಟ್ರೊನಿಡಜೋಲ್ ರಕ್ತ ತೆಳುಗೊಳಿಸುವ ವಾರ್ಫರಿನ್‌ನ ಪ್ರಭಾವವನ್ನು ಹೆಚ್ಚಿಸುತ್ತದೆ, ಅದರ ಜೊತೆ ಮದ್ಯವೂ ಸಲ್ಲದು. ಬದಲಿಯಾಗಿ ಕೊಡುವ ಅಜಿಥ್ರೊಮೈಸಿನ್ ಕೆಲವು ಹೃದ್ರೋಗಿಗಳಲ್ಲಿ ಬಡಿತದ ಲಯವನ್ನು ಕೆಡಿಸಬಲ್ಲದು. ಇವೆಲ್ಲಕ್ಕಿಂತ ದೊಡ್ಡದು ಔಷಧ ನಿರೋಧ. ಪಾಕೆಟಿನೊಳಗೇ ಇಡುವ ಮಿನೊಸೈಕ್ಲಿನ್ ಅಥವಾ ಡಾಕ್ಸಿಸೈಕ್ಲಿನ್ ಜೆಲ್‌ಗಳು ದೇಹಕ್ಕೆ ಕಡಿಮೆ ಹೊರೆಯಾದರೂ, ಬಾಯಿತುಂಬ ಪಾಕೆಟ್ ಇರುವವರಿಗೆ ಅವು ಪ್ರಾಯೋಗಿಕವಲ್ಲ.

ಇನ್ನು ಪುರಾವೆ. ಸ್ಕೇಲಿಂಗ್ ಒಂದರಿಂದಲೇ ಹಲ್ಲಿನ ಹಿಡಿತದಲ್ಲಿ (ವಸಡು ಬೇರಿಗೆ ಅಂಟಿಕೊಂಡಿರುವ ಮಟ್ಟದಲ್ಲಿ) ಸರಾಸರಿ ಅರ್ಧ ಮಿ.ಮೀ. ಲಾಭವಾಗುತ್ತದೆ ಎಂದು ಅಮೆರಿಕದ ದಂತವೈದ್ಯ ಸಂಘದ 2015ರ ಮಾರ್ಗಸೂಚಿ ಲೆಕ್ಕಹಾಕಿದೆ. ಅದೇ ಮಾರ್ಗಸೂಚಿ ಮಾತ್ರೆಗಳಿಗೂ ಡಯೋಡ್ ಲೇಸರಿನ ಫೋಟೋಡೈನಾಮಿಕ್ ಚಿಕಿತ್ಸೆಗೂ ದುರ್ಬಲ ಶಿಫಾರಸನ್ನಷ್ಟೇ ಕೊಟ್ಟಿತು. ಯುರೋಪಿನ ಪೆರಿಯೊಡಾಂಟಾಲಜಿ ಒಕ್ಕೂಟ 2020ರಲ್ಲಿ ಇನ್ನೂ ಬಿಗಿಯಾಯಿತು: ಫೋಟೋಡೈನಾಮಿಕ್ ಚಿಕಿತ್ಸೆಯನ್ನು ಬಳಸದಿರುವಂತೆ ಸೂಚಿಸಿತು, ಮಾತ್ರೆಗಳನ್ನು ಎಲ್ಲರಿಗೂ ಕೊಡಬಾರದೆಂದು ಹೇಳಿ, ಎಳೆಯ ವಯಸ್ಸಿನಲ್ಲೇ 3ನೇ ಹಂತದ (ತೀವ್ರವಾದ) ವ್ಯಾಪಕ ರೋಗವಿರುವಂಥ ನಿರ್ದಿಷ್ಟ ಗುಂಪುಗಳಿಗೆ ಪರಿಗಣಿಸಬಹುದೆಂದಿತು. ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿನೋಡುವ ಕಾಕ್ರೇನ್ ಸಂಸ್ಥೆಯ 2024ರ ಪರಾಮರ್ಶೆಯೂ ಬೆಳಕಿನ ಚಿಕಿತ್ಸೆಯ ಪುರಾವೆಯ ಖಚಿತತೆಯನ್ನು ಅತಿ ಕಡಿಮೆ ಎಂದೇ ಗುರುತಿಸಿತು. ಬಣ್ಣ, ಬೆಳಕಿನ ಪ್ರಮಾಣ, ಬಾರಿಗಳ ಸಂಖ್ಯೆ ಅಧ್ಯಯನದಿಂದ ಅಧ್ಯಯನಕ್ಕೆ ಬದಲಾಗುವುದು ಇದಕ್ಕೊಂದು ಕಾರಣ.

ಹೀಗಿರುವಾಗ ನನ್ನ ತೀರ್ಮಾನ ಇಷ್ಟು: ವಯಸ್ಸು ಚಿಕ್ಕದು, ಮೂಳೆ ಬೇಗ ಕರಗುತ್ತಿದೆ, ಆಳದ ಪಾಕೆಟುಗಳು ಬಾಯಿತುಂಬ ಇವೆ ಎಂದಾದರೆ, ಅಲರ್ಜಿ ಮತ್ತು ಇತರ ಔಷಧಗಳನ್ನು ಪರಿಶೀಲಿಸಿದ ಮೇಲೆ ಒಂದೇ ಒಂದು ಕೋರ್ಸ್ ಆ್ಯಂಟಿಬಯಾಟಿಕ್ ಸಮರ್ಥನೀಯ. ಕೋರ್ಸನ್ನು ಸ್ಕೇಲಿಂಗ್ ಮುಗಿಯುವ ಹೊತ್ತಿಗೆ ಆರಂಭಿಸಬೇಕೇ ಹೊರತು ತಿಂಗಳುಗಳ ನಂತರವಲ್ಲ. ಒಂದೆರಡು ಕಡೆ ಪಾಕೆಟ್ ಉಳಿದಿದ್ದು, ಮಾತ್ರೆ ತೆಗೆದುಕೊಳ್ಳಲಾಗದವರು ಬೆಳಕಿನ ಚಿಕಿತ್ಸೆಯನ್ನು ಕೇಳಬಹುದು. ಹಾನಿ ಕಡಿಮೆ, ಆದರೆ ಲಾಭದ ಭರವಸೆಯೂ ಕಡಿಮೆ ಎಂಬುದನ್ನು ಅರಿತೇ ಒಪ್ಪಬೇಕು. ಮಿಥಿಲೀನ್ ಬ್ಲೂ ಬಳಸುವುದಾದರೆ ಕೆಂಪು ರಕ್ತಕಣಗಳನ್ನು ಕಾಪಾಡುವ ಜಿ6ಪಿಡಿ ಕಿಣ್ವದ ಕೊರತೆಯನ್ನೂ, ಬೆಳಕಿಗೆ ಚರ್ಮ ಅತಿಯಾಗಿ ಸ್ಪಂದಿಸುವ ಕಾಯಿಲೆಯನ್ನೂ ವೈದ್ಯರಿಗೆ ಮೊದಲೇ ತಿಳಿಸಿ. ಕಣ್ಣಿಗೆ ರಕ್ಷಣಾ ಕನ್ನಡಕ ಕಡ್ಡಾಯ. ಧೂಮಪಾನ ಮುಂದುವರಿದಿದ್ದರೆ ಅಥವಾ ಮಧುಮೇಹ ಹತೋಟಿಯಲ್ಲಿಲ್ಲದಿದ್ದರೆ, ಇವೆರಡಕ್ಕಿಂತ ಆ ಕಡೆ ಗಮನ ಕೊಡುವುದರಿಂದ ಸಿಗುವ ಫಲ ದೊಡ್ಡದು.

ಯಾವುದನ್ನೇ ಆರಿಸಿದರೂ ಸುಮಾರು 3 ತಿಂಗಳ ನಂತರ ಅದೇ ಪಟ್ಟಿಯನ್ನು ಮತ್ತೆ ಅಳೆಸಿ, ಹಳೆಯ ಅಂಕಿಗಳ ಪಕ್ಕದಲ್ಲಿಟ್ಟು ನೋಡಿ. ಪಾಕೆಟುಗಳು 4 ಮಿ.ಮೀ. ಒಳಗೆ ಬಂದು, ಮುಟ್ಟಿದರೆ ರಕ್ತ ಬಾರದಿದ್ದರೆ ನಿಯತ ತಪಾಸಣೆ ಸಾಕು. 6 ಮಿ.ಮೀ. ಅಥವಾ ಹೆಚ್ಚು ಆಳ ಉಳಿದಿದ್ದಲ್ಲಿ ಎರಡನೇ ಕೋರ್ಸ್ ಮಾತ್ರೆಯ ಬದಲು, ವಸಡನ್ನು ಸರಿಸಿ ಬೇರನ್ನು ನೇರವಾಗಿ ನೋಡಿ ಶುಚಿಗೊಳಿಸುವ ಶಸ್ತ್ರಚಿಕಿತ್ಸೆಯ ಬಗ್ಗೆ ವಸಡು ತಜ್ಞರೊಂದಿಗೆ ಮಾತನಾಡಿ.