ಹಾಳು ಬಂಗಲೆಯೊಳಗಿನ ಆಟ: ನನ್ನ ಅನುಭವ

ಭಯ ಹುಟ್ಟಿಸುವ ಬೋರ್ಡ್ ಗೇಮ್‌ಗಳ ಪೈಕಿ ಗೆಳೆಯರೊಂದಿಗೆ ನಾನು ಹೆಚ್ಚಾಗಿ ಆಡಿರುವುದು 2004ರಲ್ಲಿ ಮೊದಲು ಹೊರಬಂದ ‘ಬಿಟ್ರೇಯಲ್ ಅಟ್ ಹೌಸ್ ಆನ್ ದ ಹಿಲ್’ ಆಟವನ್ನು. ನನ್ನಲ್ಲಿರುವುದು 2010ರ ಎರಡನೆಯ ಆವೃತ್ತಿ. ಮೂವರಿಂದ ಆರು ಮಂದಿಯವರೆಗೆ ಆಡಬಹುದಾದರೂ ಆರು ಮಂದಿ ಕುಳಿತರೆ ತಮ್ಮ ಸರದಿ ಬರುವಷ್ಟರಲ್ಲಿ ಹೆದರಿಕೆ ಆರಿಹೋಗಿರುತ್ತದೆ. ನಾಲ್ವರೋ ಐವರೋ ಇದ್ದರೆ ಸೊಗಸು.

ಮೊದಲರ್ಧದಲ್ಲಿ ಹಾಳು ಬಂಗಲೆಯನ್ನು ಹೊಕ್ಕು ನೋಡುವ ಎಲ್ಲರೂ ಒಂದೇ ಪಕ್ಷ. ಬಾಗಿಲು ದಾಟಿದಾಗಲೆಲ್ಲ ಕೋಣೆಯ ಚಿತ್ರವಿರುವ ಒಂದು ಟೈಲ್ ಮಗುಚಿ ಹೊಸ ಕೋಣೆಯನ್ನು ಜೋಡಿಸಬೇಕು, ಅದರ ಮೇಲಿನ ಗುರುತಿಗೆ ತಕ್ಕಂತೆ ಘಟನೆ, ವಸ್ತು ಇಲ್ಲವೇ ಅಪಶಕುನದ ಕಾರ್ಡ್ ಎತ್ತಬೇಕು. ಈ ಹಂತದಲ್ಲಿ ನಿಯಮದ ಪ್ರಕಾರ ಯಾರೂ ಸಾಯುವಂತಿಲ್ಲವಾದ್ದರಿಂದ, ಭಯವೆಂಬುದು ಹುಟ್ಟುವುದಾದರೆ ಅದು ಕಾರ್ಡ್ ಓದುವ ರೀತಿಯಿಂದಲೇ ಹುಟ್ಟಬೇಕು. ಅದಕ್ಕಾಗಿ ನಮ್ಮಲ್ಲಿ ಘಟನೆಯ ಕಾರ್ಡ್ ಎತ್ತಿದವರು ಅದನ್ನು ತಾವೇ ಓದುವುದಿಲ್ಲ. ಬಲಗಡೆ ಕುಳಿತವರು ತೆಗೆದುಕೊಂಡು, ಕಥೆಯ ಭಾಗವನ್ನು ನಿಧಾನವಾಗಿ ಓದಿ, ಪಾತ್ರದ ಬಲ, ವೇಗ, ತಿಳಿವಳಿಕೆ, ಮನಸ್ಥಿಮಿತ ಈ ನಾಲ್ಕು ಗುಣಗಳಲ್ಲಿ ಯಾವುದಕ್ಕಾಗಿ ದಾಳ ಹಾಕಬೇಕೆಂದು ಮಾತ್ರ ಹೇಳಿ, ಫಲವನ್ನು ಹೆಬ್ಬೆರಳಿನಿಂದ ಮುಚ್ಚಿಟ್ಟುಕೊಳ್ಳುತ್ತಾರೆ. ದಾಳದ ಮುಖಗಳಲ್ಲಿ ಸೊನ್ನೆ, ಒಂದು, ಎರಡು ಇಷ್ಟೇ ಇರುವುದರಿಂದ ನಾಲ್ಕು ದಾಳ ಹಾಕಿದರೂ ಎಲ್ಲವೂ ಬರಿದಾಗಿ ಬೀಳುವ ಸಾಧ್ಯತೆ ಇದ್ದೇ ಇರುತ್ತದೆ. ಎಷ್ಟು ಬಿದ್ದರೆ ಸಾಕು ಎಂಬುದು ತಿಳಿಯದೆ ದಾಳ ಉರುಳಿಸುವವರ ಮುಖವನ್ನು ನೋಡಬೇಕು!

ಅಪಶಕುನದ ಕಾರ್ಡ್ ಬಂದಾಗಲೆಲ್ಲ ಆರು ದಾಳ ಹಾಕಿ, ಮೊತ್ತವು ಅದುವರೆಗಿನ ಅಪಶಕುನಗಳ ಸಂಖ್ಯೆಗಿಂತ ಕಡಿಮೆಯಾದರೆ ‘ಕಾಟ’, ಅಂದರೆ ಆಟದ ಭಯಾನಕ ಎರಡನೆಯರ್ಧ, ಆರಂಭ. ಮೊದಲ ಅಪಶಕುನಕ್ಕೇ ಅದು ಆರಂಭವಾಗುವ ಸಾಧ್ಯತೆ 729ರಲ್ಲಿ ಒಂದು. ಆರನೆಯದಕ್ಕೆ ಶೇಕಡಾ 40ರಷ್ಟು. ಈ ಲೆಕ್ಕವನ್ನು ಹೊಸಬರಿಗೆ ನಾನು ಹೇಳುವುದಿಲ್ಲ. ಪ್ರತಿ ಸಲವೂ ಅವರು ಉಸಿರು ಬಿಗಿಹಿಡಿದು ದಾಳ ನೋಡುವುದರಲ್ಲಿಯೇ ಅರ್ಧ ಮಜಾ ಇದೆ.

ಕಾಟ ಆರಂಭವಾದ ಮೇಲೆ, ಯಾವ ಕೋಣೆಯಲ್ಲಿ ಯಾವ ಅಪಶಕುನ ಬಂತೆಂಬುದನ್ನು ಕೋಷ್ಟಕದಲ್ಲಿ ನೋಡಿ 50 ಕಥೆಗಳಲ್ಲಿ ಒಂದನ್ನು ಆರಿಸಬೇಕು. ಹೆಚ್ಚಿನ ಕಥೆಗಳಲ್ಲಿ ನಮ್ಮೊಳಗೊಬ್ಬರು ದ್ರೋಹಿಯಾಗಿ, ತಮ್ಮ ಪುಸ್ತಕ ಹಿಡಿದು ಬೇರೆ ಕೋಣೆಗೆ ಹೋಗುತ್ತಾರೆ. ಉಳಿದವರು ಇನ್ನೊಂದು ಪುಸ್ತಕ ಓದುತ್ತಾರೆ. ಆಟ ಕೆಡುವುದಿದ್ದರೆ ಕೆಡುವುದು ಇಲ್ಲಿಯೇ. ಅವಸರದಲ್ಲಿ ಓದಿದ ದ್ರೋಹಿ ಅರ್ಧ ದಾರಿಯಲ್ಲಿ ಗುಟ್ಟಿನ ನಿಯಮವೊಂದರ ಅರ್ಥ ಕೇಳಿದರೆ ಎಲ್ಲವೂ ಬಯಲಾಗುತ್ತದೆ. ಆದ್ದರಿಂದ, ತಾನು ಗೆಲ್ಲುವುದು ಹೇಗೆ, ತನ್ನ ದೆವ್ವಗಳು ನಡೆಯುವುದು ಹೇಗೆ ಎಂದು ಒಂದು ಚೀಟಿಯಲ್ಲಿ ಬರೆದುಕೊಂಡು ಬರುವಂತೆ ಹೇಳಿ, ಹತ್ತು ನಿಮಿಷ ಬೇಕಾದರೂ ಕಾಯುತ್ತೇವೆ. ಆಮೇಲೂ ಸಂದೇಹ ಉಳಿದರೆ ಹಿನ್ನಡೆಯಲ್ಲಿರುವ ಪಕ್ಷಕ್ಕೆ ಅನುಕೂಲವಾಗುವ ಅರ್ಥವನ್ನೇ ಹಿಡಿಯುವುದೆಂದು ಆಟಕ್ಕೆ ಮೊದಲೇ ಮಾತಾಗಿರುತ್ತದೆ.

ಎರಡು ಪಕ್ಷಗಳೂ ಸರಿಸಮವಾಗಿರಬೇಕೆಂದು ಹಟ ಹಿಡಿಯುವವರಿಗೆ ಈ ಆಟ ಹಿಡಿಸದು. ಕಾಟ ಬೇಗ ಬಂದರೆ ತೆರೆದ ಕೋಣೆಗಳೂ ಕೈಗೆ ಸಿಕ್ಕ ವಸ್ತುಗಳೂ ಕಡಿಮೆ, ಬದುಕಿ ಉಳಿಯಬೇಕಾದವರಿಗೆ ಸಿದ್ಧತೆಯೇ ಇರುವುದಿಲ್ಲ. ಅಂಥ ಆಟ ಎರಡೇ ಸುತ್ತಿನಲ್ಲಿ ಮುಗಿದರೆ ನಾವು ಟೈಲ್‌ಗಳನ್ನು ಕಲಸಿ ಮತ್ತೆ ಹೂಡುತ್ತೇವೆ.