ಚೀಲಕ್ಕೆ ಎರಡು ಕಿಲೋ

ಆಲ್ದೂರಿನ ಕಡೆಯ ಒಂದು ಕಾಫಿ ತೋಟದಲ್ಲಿ ನಾನು ಹದಿನಾಲ್ಕು ವರ್ಷಗಳಿಂದ ರೈಟರ್. ಕೊಯ್ಲಿನ ದಿನಗಳಲ್ಲಿ ಸಂಜೆ ಹಣ್ಣಿನ ಚೀಲಗಳು ಕಣಕ್ಕೆ ಬರುತ್ತವೆ. ಮೇಸ್ತ್ರಿ ತೂಗುತ್ತಾನೆ, ನಾನು ಬರೆದುಕೊಂಡು ಪ್ರತಿಯೊಬ್ಬರಿಗೂ ಚೀಟಿ ಕೊಡುತ್ತೇನೆ. ಕಿಲೋ ಲೆಕ್ಕದಲ್ಲಿ ಕೂಲಿ. ಭಾನುವಾರದ ಬಲಿಪೂಜೆಯನ್ನು ನಾನು ತಪ್ಪಿಸುವುದಿಲ್ಲವೆಂದು ಲೈನ್ ಮನೆಗಳ ಕೂಲಿಯವರು ನನ್ನನ್ನು ‘ಚರ್ಚಿನ ರೈಟರು’ ಎಂದು ಕರೆಯುತ್ತಿದ್ದರು.

ಆ ಹೆಸರು ಹೊತ್ತವನೇ ಮೂರು ಕೊಯ್ಲುಗಳಲ್ಲಿ ಚೀಲಕ್ಕೆ ಎರಡು ಕಿಲೋ ಮುರಿದುಕೊಂಡೆ.

ಗೋಣಿಚೀಲದ ತೂಕಕ್ಕೆಂದು ಒಂದು ಕಿಲೋ ಮುರಿಯುವುದು ಮೊದಲಿನಿಂದ ಇದ್ದ ಪದ್ಧತಿ. ಒಂದು ವರ್ಷ ಸಿಪ್ಪೆ ಬಿಡಿಸುವ ಯಂತ್ರಕ್ಕೆ, ಪಲ್ಪರಿಗೆ, ಹೋದ ಹಣ್ಣಿಗೂ ನನ್ನ ಪುಸ್ತಕಕ್ಕೂ ತಾಳೆಯಾಗಲಿಲ್ಲ. ಮ್ಯಾನೇಜರ್ ಎಲ್ಲರೆದುರು ಗದರಿದರು. ಮರುದಿನದಿಂದ ನಾನೇ ಎರಡು ಕಿಲೋ ಮಾಡಿದೆ. ಲೆಕ್ಕ ಸರಿಹೋಯಿತು. ಕೊಯ್ಲು ಮುಗಿದಾಗ ನನ್ನ ಕೈಗೆ 5,000 ರೂಪಾಯಿ ಇನಾಮು ಬಂತು. ಯಾರೂ ಕೇಳಲಿಲ್ಲ. ಕೇಳಿದ್ದರೆ ‘ಇಬ್ಬನಿಗೆ ಚೀಲ ನೆನೆದಿರುತ್ತದೆ’ ಎನ್ನಲು ಉತ್ತರ ಸಿದ್ಧವಿತ್ತು.

ಮೂರನೆಯ ವರ್ಷ ರೊಬಸ್ಟಾ ಕೊಯ್ಲು ಮುಗಿಯುವ ಹೊತ್ತಿಗೆ ಈಸ್ಟರಿಗೆ ಮುಂಚಿನ ತಪಸ್ಸು ಕಾಲ ಬಂತು. ಅದರ ಮೊದಲ ದಿನವಾದ ಬೂದಿ ಬುಧವಾರ ಹಣೆಗೆ ಬೂದಿ ಹಚ್ಚಿಸಿಕೊಂಡು ಬಂದು ಅದೇ ಸಂಜೆ ಕಣದಲ್ಲಿ ಕೂತು ‘ಕಳೆ ಎರಡು’ ಎಂದು ಬರೆದೆ. ಪೆನ್ನು ಹಿಡಿದ ಕೈ ನನಗೇ ಬೇರೆಯವರದೆನಿಸಿತು. ರಾತ್ರಿ ಹತ್ತು ನೆಂದ ಖಾಲಿ ಚೀಲಗಳನ್ನು ಒಟ್ಟಿಗೆ ತೂಗಿ ನೋಡಿದೆ. ಹತ್ತು ಕಿಲೋ. ಒಂದು ಕಿಲೋ ಚೀಲದ್ದು, ಇನ್ನೊಂದು ಕಿಲೋ ಕಳವು. ಹತ್ತು ಕಟ್ಟಳೆಗಳಲ್ಲಿ ಏಳನೆಯದಾದ ‘ಕದಿಯಬೇಡ’ ಎಂಬುದನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿದವನು ನಾನು.

ಮೊದಲು ಸುಲಭದ ದಾರಿ ಹಿಡಿದೆ. ಕಾಣಿಕೆ ಡಬ್ಬಿಗೆ 2,000 ರೂಪಾಯಿ ಹಾಕಿದೆ. ಮನಸ್ಸು ಹಗುರವಾಗಲಿಲ್ಲ. ಬಲಿಪೀಠಕ್ಕೆ ಕಾಣಿಕೆ ತಂದಾಗ ಸಹೋದರನಿಗೆ ನಿನ್ನ ಮೇಲೆ ಮನಸ್ತಾಪವಿದೆ ಎಂಬುದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗಿ ಮೊದಲು ಅವನೊಡನೆ ಸಮಾಧಾನವಾಗು ಎಂದು ಯೇಸುಸ್ವಾಮಿ ಹೇಳುವುದು ಮತ್ತಾಯನ ಶುಭಸಂದೇಶದ ಐದನೆಯ ಅಧ್ಯಾಯದಲ್ಲಿದೆ. ನಾನು ಸಹೋದರನ ಹಣವನ್ನೇ ಕಾಣಿಕೆಯೆಂದು ತಂದಿದ್ದೆ. ಪಾಪನಿವೇದನೆಗೆ ಹೋದೆ. ಗುರುಗಳು ಪೂರ್ತಿ ಕೇಳಿಸಿಕೊಂಡರು. “ದೇವರು ಕ್ಷಮಿಸುತ್ತಾರೆ. ಅವರ ಹಣವನ್ನು ಅವರಿಗೆ ಯಾವಾಗ ಕೊಡುತ್ತೀರಿ?” ಎಂದರು.

ಎಷ್ಟು ಕೊಡಬೇಕು? ಜೆರಿಕೋ ಪಟ್ಟಣದ ಸುಂಕದವರ ಮುಖ್ಯಸ್ಥ ಜಕ್ಕಾಯ, ಯಾರಿಗಾದರೂ ಮೋಸ ಮಾಡಿದ್ದರೆ ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಎಂದವನು. ಯೇಸುವನ್ನು ನೋಡಲು ಅವನು ಹತ್ತಿದ್ದು ಅತ್ತಿಯ ಜಾತಿಯ ಮರ. ನಮ್ಮ ತೋಟದಲ್ಲೂ ನೆರಳಿಗೆ ಅತ್ತಿ ಮರಗಳಿವೆ, ಆ ದಿನಗಳಲ್ಲಿ ಅವುಗಳ ಕೆಳಗೆ ನಡೆಯುವಾಗ ನನಗೆ ಅವನದೇ ನೆನಪು. ಮೋಶೆಯ ಧರ್ಮಶಾಸ್ತ್ರ ಇಂಥ ವಂಚನೆಗೆ ಅಷ್ಟು ಕೇಳುವುದಿಲ್ಲ. ಯಾಜಕಕಾಂಡದಲ್ಲೂ ಸಂಖ್ಯಾಕಾಂಡದಲ್ಲೂ ಇರುವುದು ಪೂರ್ತಿ ಅಸಲು, ಅದರ ಮೇಲೆ ಐದನೆಯ ಒಂದು ಪಾಲು. ಸಂಖ್ಯಾಕಾಂಡ ಇನ್ನೊಂದು ಮಾತನ್ನೂ ಹೇಳುತ್ತದೆ: ಮೊದಲು ತಪ್ಪನ್ನು ಬಾಯಿಬಿಟ್ಟು ಒಪ್ಪಿಕೊಳ್ಳಬೇಕು. ನಾಲ್ಕರಷ್ಟು ಕೊಡುವ ಶಕ್ತಿ ನನಗಿರಲಿಲ್ಲ. ಐದನೆಯ ಪಾಲು ಸೇರಿಸಿ ಕೊಡುವುದೆಂದು ನಿಶ್ಚಯಿಸಿದೆ.

ದಿನದ ತೂಕದ ಪುಸ್ತಕಗಳು ವರ್ಷದ ಕೊನೆಗೆ ಒಲೆ ಸೇರುತ್ತವೆ. ಉಳಿದದ್ದು ಚೆಕ್‌ರೋಲಿನ, ಅಂದರೆ ಹಾಜರಿ ಪಟ್ಟಿಯ, ಹೆಸರುಗಳು ಮಾತ್ರ. ಹಾಗಾಗಿ ತಲೆಗೆ ದಿನಕ್ಕೆ ಎರಡು ಚೀಲ, ವರ್ಷಕ್ಕೆ ಅರವತ್ತು ದಿನ ಎಂದು ಸರಾಸರಿ ಹಿಡಿದೆ. ಮೂರು ಕೊಯ್ಲಿಗೆ 360 ಕಿಲೋ. ಕಿಲೋಗೆ ನಾಲ್ಕು ರೂಪಾಯಿಯಂತೆ 1,440, ಅದರ ಐದನೆಯ ಪಾಲು 288, ಒಟ್ಟು 1,728. ಇಪ್ಪತ್ತೆರಡು ಜನರಿಗೆ 38,016 ರೂಪಾಯಿ. ಅದು ನನ್ನ ಎರಡು ತಿಂಗಳ ಸಂಬಳಕ್ಕಿಂತ ಹೆಚ್ಚು. ಮಾಡು ರಿಪೇರಿಗೆಂದು ಹೆಂಡತಿ ಕಟ್ಟಿದ್ದ ಚೀಟಿಯ ಹಣವಿತ್ತು. ಎಲ್ಲವನ್ನೂ ಅವಳಿಗೆ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, “ಹೆಂಚು ಇನ್ನೊಂದು ಮಳೆಗಾಲ ತಡೆಯುತ್ತದೆ” ಎಂದಳು.

ಮ್ಯಾನೇಜರಿಗೆ ಮೊದಲೇ ತಿಳಿಸಿದೆ. ಲಾಭ ತೋಟಕ್ಕೆ ಹೋದದ್ದು, ನೀನೇಕೆ ಕೈಯಿಂದ ಕೊಡುತ್ತೀಯೆ, ನಾಳೆ ಎಲ್ಲ ತೋಟದವರೂ ಕೇಳುತ್ತಾರೆ ಎಂದು ಸಿಟ್ಟಾದರು. ಅವರ ಮಾತಿನಲ್ಲಿ ಸತ್ಯವಿಲ್ಲವೆಂದಲ್ಲ. ಆದರೆ ಎರಡು ಎಂದು ಬರೆದದ್ದು ನನ್ನ ಕೈ, ಇನಾಮು ಹಿಡಿದದ್ದೂ ಅದೇ ಕೈ. ಮಾಲೀಕರ ಪಾಲನ್ನು ಮಾಲೀಕರು ದೇವರಿಗೆ ಹೇಳಲಿ. ನನ್ನ ಪಾಲಿಗೆ ನಾನು ಅವರನ್ನು ಕಾಯಲಾರೆ.

ಶನಿವಾರದ ಬಟವಾಡೆಯಲ್ಲಿ ಎದ್ದು ನಿಂತು ಹೇಳಿದೆ. ಕಾಲು ನಡುಗುತ್ತಿತ್ತು. ಯಾರೂ ಅಳಲಿಲ್ಲ, ಅಪ್ಪಿಕೊಳ್ಳಲಿಲ್ಲ. ಹಿಂದೆ ನಿಂತಿದ್ದ ಹುಡುಗನೊಬ್ಬ, “ನಮಗೆ ಗೊತ್ತಿತ್ತು ರೈಟರೇ” ಎಂದ. ನನ್ನನ್ನು ಅತಿ ಹೆಚ್ಚು ಇರಿದದ್ದು ಆ ಮಾತು. ಹೊಸ ಒಡಂಬಡಿಕೆಯಲ್ಲಿ ಕ್ರೈಸ್ತ ಎಂಬ ಪದ ಬರುವುದು ಮೂರೇ ಸಲ, ಮೊದಲ ಸಲ ಅಂತಿಯೋಕ್ಯದಲ್ಲಿ. ಅಲ್ಲಿ ಶಿಷ್ಯರು ಕ್ರೈಸ್ತರೆಂದು ಕರೆಸಿಕೊಂಡರು ಎಂದಿದೆ. ಅಂತಿಯೋಕ್ಯದ ಜನ ಅವರಲ್ಲಿ ಏನನ್ನು ಕಂಡು ಕರೆದರೋ. ನಮ್ಮ ಲೈನಿನವರು ಮೂರು ವರ್ಷ ನನ್ನ ತಕ್ಕಡಿಯನ್ನು ಕಾಣುತ್ತಲೇ ‘ಚರ್ಚಿನ ರೈಟರು’ ಎಂದಿದ್ದರು.

ಅಲ್ಲಿದ್ದವರು ಹದಿಮೂರು ಜನ. ಅವರಿಗೆ ಅಂದೇ ಕೊಟ್ಟೆ. ಅಸ್ಸಾಮಿಗೆ ಮರಳಿದ್ದ ಮೂವರಿಗೆ ಮೊಬೈಲಿನಿಂದ ಕಳುಹಿಸಿದೆ. ಐದು ಜನರ ಸುಳಿವು ಸಿಗಲಿಲ್ಲ, ಅವರ ಹಣ ಅಂಚೆ ಕಚೇರಿಯ ಬೇರೆ ಖಾತೆಯಲ್ಲಿದೆ. ಈಗ ಕೊಯ್ಲಿನಲ್ಲಿ ದಿನವೂ ಮೊದಲು ಖಾಲಿ ಚೀಲವನ್ನೇ ಎಲ್ಲರೆದುರು ತೂಗಿ, ಬಂದಷ್ಟನ್ನೇ ಕಳೆಯುತ್ತೇನೆ. ಮ್ಯಾನೇಜರ್ ಅದಕ್ಕೆ ಅಡ್ಡಿ ಮಾಡಲಿಲ್ಲ.

ಉಳಿದವರು ಒಬ್ಬರು, ಸಖರಾಯಪಟ್ಟಣದ ಹತ್ತಿರದ ಹಳ್ಳಿಯ ಹೆಂಗಸು. ಭಾನುವಾರ ಪೂಜೆ ಮುಗಿಸಿ ಕಡೂರಿನ ಬಸ್ ಹತ್ತಿ ಹೋದೆ. ಜಗಲಿಯಲ್ಲಿ ಕೂರಿಸಿ ನೀರು ಕೊಟ್ಟರು. ಬಂದ ಕಾರಣ ಹೇಳಿ ಹಣ ಮುಂದಿಟ್ಟೆ. ಎರಡು ಸಲ ಎಣಿಸಿದರು.

“ನನ್ನ ಸೊಸೆಯದು?”

ಸೊಸೆಯ ಹೆಸರು ಚೆಕ್‌ರೋಲಿನಲ್ಲಿ ಇರಲಿಲ್ಲ. ಅವಳ ಚೀಲಗಳನ್ನೂ ಅತ್ತೆಯ ಹೆಸರಿಗೇ ಬರೆಯುತ್ತಿದ್ದೆವು. ನನ್ನ ಸರಾಸರಿಯಲ್ಲಿ ಅವಳು ಕಳೆದುಹೋಗಿದ್ದಳು. ಅವರು ಒಳಗಿನಿಂದ ತುಕ್ಕು ಹಿಡಿದ ಬಿಸ್ಕತ್ತಿನ ಡಬ್ಬಿ ತಂದು ಮುಚ್ಚಳ ತೆಗೆದರು. ತುಂಬ ನನ್ನ ಚೀಟಿಗಳು, ವರ್ಷಕ್ಕೊಂದರಂತೆ ದಾರ ಕಟ್ಟಿದ ಮೂರು ಕಟ್ಟು. ಹಣ್ಣಿನ ರಸದ ಕಲೆ, ನನ್ನದೇ ಕೈಬರಹ: 54, ಕಳೆ 2, 52. ಅದರ ಕೆಳಗೆ 49, ಕಳೆ 2, 47. ಓದು ಬಾರದ ಹೆಂಗಸು ಒಂದನ್ನೂ ಬಿಸಾಡಿರಲಿಲ್ಲ.

“ಅಮ್ಮಾ, ಇವನ್ನೇಕೆ ಇಟ್ಟುಕೊಂಡಿದ್ದಿರಿ?”

“ಯಾವತ್ತಾದರೂ ಯಾರಾದರೂ ಕೇಳಿದರೆ ತೋರಿಸಬೇಕಲ್ಲ.”

ಸೊಸೆ ಚೀಟಿ ಹಿಡಿದು ಓದಿದಳು, ನಾನು ಗೀಟು ಹಾಕಿದೆ. ಒಂದೂವರೆ ಗಂಟೆ ಹಿಡಿಯಿತು. 724 ಚೀಲ. ಐದನೆಯ ಪಾಲು ಸೇರಿ, ಚಿಲ್ಲರೆ ಪೈಸೆಯನ್ನು ಮೇಲಿನ ರೂಪಾಯಿಗೆ ಏರಿಸಿ, 3,476 ರೂಪಾಯಿ. ಕೊಟ್ಟದ್ದು ಕಳೆದರೆ 1,748 ಬಾಕಿ. ಜೇಬಿನಲ್ಲಿ ಬಸ್ಸಿನ ಹಣವಷ್ಟೇ ಇತ್ತು. ಮುಂದಿನ ಭಾನುವಾರ ತರುತ್ತೇನೆ ಎಂದೆ.

“ಬರೆದುಕೊಡಿ” ಎಂದರು.

ಹಾಳೆ ಹರಿದು, ತಾರೀಖು ಹಾಕಿ, ಅತ್ತೆ ಸೊಸೆ ಇಬ್ಬರ ಹೆಸರನ್ನೂ ಬರೆದು, ಬಾಕಿ 1,748 ಎಂದು ಸಹಿ ಮಾಡಿದೆ. ಅವರು ಅದನ್ನು ಸೊಸೆಯಿಂದ ಓದಿಸಿ ಕೇಳಿ, ಮಡಿಸಿ, ಮೂರು ಕಟ್ಟುಗಳ ಮೇಲಿಟ್ಟು ಡಬ್ಬಿಯ ಮುಚ್ಚಳ ಹಾಕಿದರು.