ವಿದೇಶಕ್ಕೆ ಹೊರಟಿದ್ದೀರಾ? ದುಬಾರಿ ಕಾರಿನ ವಿಷಯ ಮೊದಲೇ ನೋಡಿಕೊಳ್ಳಿ

ಕಾರಿನ ಯೋಚನೆಯನ್ನು ಕೊನೇ ವಾರಕ್ಕೆ ಇಟ್ಟುಕೊಳ್ಳಬೇಡಿ. ನೀವು ಅವಸರದಲ್ಲಿ ಮಾರುತ್ತಿದ್ದೀರಿ ಅಂತ ಗೊತ್ತಾದರೆ ಕೊಳ್ಳುವವರು ಬೆಲೆ ಇಳಿಸುತ್ತಲೇ ಹೋಗುತ್ತಾರೆ.

ಜೊತೆಗೆ ಒಯ್ಯುವ ಆಸೆ ಇದ್ದರೆ, ಹಡಗಿನ ಖರ್ಚು ವಿಚಾರಿಸುವ ಮೊದಲು ಆ ದೇಶ ನಿಮ್ಮ ಕಾರನ್ನು ಒಳಗೆ ಬಿಡುತ್ತದಾ ನೋಡಿ. ಅಮೆರಿಕದ ಸುರಕ್ಷತಾ ನಿಯಮಕ್ಕೆ ತಕ್ಕಂತೆ ತಯಾರಾಗದ ಕಾರಾದರೆ, 25 ವರ್ಷ ತುಂಬುವವರೆಗೂ ಅದನ್ನು ಅಲ್ಲಿಗೆ ತರುವುದು ತುಂಬಾ ಕಷ್ಟ. ಸಿಂಗಪುರದಲ್ಲಿ ಉಲ್ಟಾ, ಬಳಸಿದ ಕಾರು ಸಾಮಾನ್ಯವಾಗಿ 3 ವರ್ಷಕ್ಕಿಂತ ಹೊಸದಿರಬೇಕು. ಸ್ಟೇರಿಂಗ್ ಯಾವ ಕಡೆ ಇದೆ, ಆಮದು ಸುಂಕ ಎಷ್ಟು, ವಾರಂಟಿ ಅಲ್ಲಿ ನಡೆಯುತ್ತದಾ, ಇದೆಲ್ಲ ಲೆಕ್ಕ ಹಾಕಿದರೆ ಅಲ್ಲೇ ಇನ್ನೊಂದು ಕೊಳ್ಳುವುದೇ ಎಷ್ಟೋ ಸಲ ಅಗ್ಗ. ಸಾಲ ಬಾಕಿ ಇದ್ದರೆ ಸಾಲ ಕೊಟ್ಟವರ ಒಪ್ಪಿಗೆ ಇಲ್ಲದೆ ಗಡಿ ದಾಟಿಸಬೇಡಿ.

ಬೇಗ ವಾಪಸ್ ಬರುವುದು ಖಚಿತವಾದರೆ ಮಾತ್ರ ಇಟ್ಟುಕೊಳ್ಳಿ. ಆಗಲೂ ಸುಮ್ನೆ ಕವರ್ ಹೊದಿಸಿ ಹೋದರೆ ಸಾಲದು, ಬ್ಯಾಟರಿಗೆ ಮೇಂಟೇನರ್ (ಚಾರ್ಜ್ ಇಳಿಯದಂತೆ ನೋಡಿಕೊಳ್ಳುವ ಸಾಧನ) ಹಾಕಿ, ಟೈರಿನ ಗಾಳಿ ನೋಡಿಸಿ, ವಿಮೆ ನಿಲ್ಲಿಸಬೇಡಿ, ಆಗಾಗ ಎಂಜಿನ್ ಚೆನ್ನಾಗಿ ಬಿಸಿಯಾಗುವಷ್ಟು ದೂರ ಓಡಿಸುವ ನಂಬಿಕಸ್ಥರನ್ನು ಹುಡುಕಿ. ಅಂಥವರು ಸಿಗದಿದ್ದರೆ ಮಾರಿಬಿಡಿ. ಸರ್ವೀಸ್ ದಾಖಲೆ, ಎರಡೂ ಕೀಲಿ ಈಗಲೇ ಜೋಡಿಸಿಡಿ, ಒಳ್ಳೆ ಬೆಲೆ ಬರುತ್ತದೆ.